ನಡುನೀರಿನಿಂದ ತಿರುಗಿದವನು

ತುರುವೇಕೆರೆಯಿಂದ ತಿಪಟೂರಿಗೆ ಬರುವ ಬಸ್ಸಿನಲ್ಲಿ, ಕೆರೆಯ ಈಜು ಪಂದ್ಯ ಮುಗಿಸಿದ ಅಣ್ಣತಮ್ಮಂದಿರು ನನ್ನ ಮುಂದೆ ಕೂತಿದ್ದರು. ಇಬ್ಬರಿಗೂ ನಲವತ್ತರ ಆಸುಪಾಸು. ಅಣ್ಣನ ಎದೆ ಇನ್ನೂ ಸುಯ್ಯೆನ್ನುತ್ತಿತ್ತು.

“ಮುಂದಿದ್ದೋನು ಯಾಕ್ಲಾ ತಿರುಗಿ ಬಂದೆ? ಕಪ್ಪು ನಿಂದೇ ಆಗ್ತಿತ್ತು.”

“ನಡುನೀರಲ್ಲಿ ನಿಂಗೆ ಉಸಿರೇ ಸಿಕ್ತಿರಲಿಲ್ಲ ಕಣಣ್ಣ.”

“ನೀರು ಕುಡಿದಿದ್ದೆ, ಅಷ್ಟೇಯ.”

“ಹೋದ ವರ್ಷಾನೂ ಅದನ್ನೇ ಅಂದೆ. ಡಾಕ್ಟ್ರಿಗೆ ತೋರಿಸು.”

“ಈಜಬೇಡ ಅಂದ್ಬುಟ್ರೆ?”

“ನಾನೂ ಬುಡ್ತೀನಿ. ಇಬ್ರೂ ದಡದಲ್ಲಿ ಕೂತು ಗೆದ್ದೋರನ್ನ ಬೈಯಾನ.”

ಅಣ್ಣ ನಕ್ಕ, ನಗು ಕೆಮ್ಮಾಯಿತು. ಆಸ್ಪತ್ರೆ ಕಂಡೊಡನೆ ತಮ್ಮ ಎದ್ದು ಬಸ್ಸು ನಿಲ್ಲಿಸಲು ಕೂಗಿದ.

“ನಾವು ಇಳಿಯೋದು ಇನ್ನೂ ಮುಂದೆ ಕಣ್ಲಾ,” ಎನ್ನುತ್ತಲೇ ಅಣ್ಣ ಅವನ ಹೆಗಲು ಹಿಡಿದು ಇಳಿದ.