ಒಂದೂವರೆ ನಿಮಿಷ ಬೆರಳು ತೋರಿಸಿ ನಿಂತವನು

…ಬಾವುಟದ ವಿಷಯ ಹೇಳುತ್ತಿದ್ದೆ, ಅಲ್ಲವೇ? ನಿನ್ನೆ ಇಲ್ಲಿ ಕುರ್ಚಿ ಜೋಡಿಸುವಾಗ. ಯಾರೋ ಬಂದು ಮೈಕಿನ ವೈರು ಎಲ್ಲಿ ಅಂದರು, ಮಾತು ಅರ್ಧಕ್ಕೇ ನಿಂತಿತು. ಅಲ್ಲಿಂದಲೇ ಹಿಡಿಯುತ್ತೇನೆ. ಇಲ್ಲ — ಮೊದಲು ನಮಸ್ಕಾರ ಹೇಳಬೇಕು. ಅತ್ತಿಗೆಯವರಿಗೆ, ಅವರ ಮಗಳಿಗೆ, ಅಳಿಯಂದಿರಿಗೆ, ನಮ್ಮ ಹಾಯಿದೋಣಿ ಶಾಲೆಯ ಪ್ರಿನ್ಸಿಪಾಲರಿಗೆ, ಇಲ್ಲಿ ಕಲಿತವರಿಗೆ, ಕಲಿಯುತ್ತಿರುವವರಿಗೆ, ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿರುವ ನಮ್ಮ ಬಡಗಿಗೆ — ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನದ ಹಿಂದೆ ದೋಣಿಯಿಂದ ನೀರಿಗೆ ಬಿದ್ದು ತೀರಿಹೋದ ನಮ್ಮ ಗಂಟು ಮೇಷ್ಟ್ರ ಬಗ್ಗೆ ನಾಲ್ಕು ಮಾತು ಆಡಲು ನನ್ನನ್ನು ನಿಲ್ಲಿಸಿದ್ದೀರಿ. ವಿತ್ ಹೆವಿ ಹಾರ್ಟ್ ಅಂಡ್ ಯುವರ್ ಕೈಂಡ್ ಪರ್ಮಿಷನ್… ಕಾಲೇಜಿನಲ್ಲಿ ಹೇಳಿಕೊಟ್ಟದ್ದು. ಮುಂದಿನದು ಮರೆತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಈ ಶಾಲೆಯ ಫಿಲ್ಮ್ ಕೋಣೆಯವನು. ದೋಣಿ ನಡೆಸುವುದನ್ನು ಕಲಿಸುವ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷವಾಯಿತು. ಮೇಷ್ಟ್ರು ನನ್ನನ್ನು ಕರೆಯುತ್ತಿದ್ದದ್ದು ‘ಕತ್ತರಿ’ ಅಂತ. ಅವರಿಗೆ ಗಂಟು ಮೇಷ್ಟ್ರು ಅಂತ ಹೆಸರು ಬಂದದ್ದು ಯಾಕೆ ಅಂದರೆ, ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸುತ್ತಿದ್ದರು, ಅದು ಒಂದು. ಮುಖವೂ ಸದಾ ಗಂಟೇ, ಅದು ಇನ್ನೊಂದು. ನಗಬಹುದು. ಮೇಷ್ಟ್ರ ಮನೆಯವರು, ನಮ್ಮ ಅತ್ತಿಗೆಯೇ ನಗುತ್ತಿದ್ದಾರೆ.

ಬಾವುಟ. ಹಾಂ. ಸಮುದ್ರದ ಸಿನಿಮಾಗಳಲ್ಲಿ ನೋಡಿರುತ್ತೀರಿ — ಹಡಗು ಬರುತ್ತದೆ, ಹಿಂದಿನಿಂದ ಗಾಳಿ, ಹಾಯಿಗಳೆಲ್ಲ ಮುಂದಕ್ಕೆ ಹೊಟ್ಟೆ ಉಬ್ಬಿಸಿಕೊಂಡಿವೆ. ಆದರೆ ಬಾವುಟ? ಬಾವುಟ ಹಿಂದಕ್ಕೆ ಹಾರುತ್ತಿರುತ್ತದೆ. ಮೇಷ್ಟ್ರು ಅಲ್ಲೇ ನಿಲ್ಲಿಸಿಬಿಡೋರು. “ಏನಯ್ಯ ಕತ್ತರಿ, ಈ ಊರಲ್ಲಿ ಗಾಳಿ ಎರಡೂ ಕಡೆಯಿಂದ ಬೀಸ್ತದಾ?” ಹಡಗನ್ನು ಮೋಟಾರಿನಲ್ಲಿ ಎಳೆದುಕೊಂಡು ಹೋಗಿರುತ್ತಾರೆ, ಹಾಯಿಗೆ ದೊಡ್ಡ ಫ್ಯಾನಿನಿಂದ ಗಾಳಿ ಹಾಕಿರುತ್ತಾರೆ. ಅವರಿಗೇನು, ಅಂದವಾಗಿ ಕಂಡರಾಯಿತು.

ಪ್ರತಿ ಬುಧವಾರ ಇದೇ ಕೋಣೆಯಲ್ಲಿ, ಈ ಬಿಳಿ ಪರದೆಯ ಮೇಲೆ, ಒಂದು ಸಿನಿಮಾ. ರಿಮೋಟು ಅವರ ಕೈಯಲ್ಲಿ. ತಪ್ಪು ಕಂಡ ಕಡೆ ನಿಲ್ಲಿಸಿ, “ಇಲ್ಲಿ ಯಾರು ಸಾಯ್ತಾರೆ? ಹೇಳಿ” ಅನ್ನೋರು. ಹಗ್ಗದ ಸುರುಳಿಯೊಳಗೆ ಕಾಲಿಟ್ಟು ನಿಂತವನನ್ನು ಒಬ್ಬರು ತೋರಿಸಬೇಕು, ಬಿರುಗಾಳಿ ಬಂದರೂ ಹಾಯಿ ಇಳಿಸದ ಕಪ್ತಾನನನ್ನು ಇನ್ನೊಬ್ಬರು. ಎರಡು ಗಂಟೆಯ ಸಿನಿಮಾ ಮುಗಿಯಲು ಮೂರು ಬುಧವಾರ ಬೇಕಾಗುತ್ತಿತ್ತು. ಒಮ್ಮೆ ಥಿಯೇಟರಿಗೆ ಹೋಗಿದ್ದೆವು, ನಾವಿಬ್ಬರೂ. ಪರದೆಯ ಮೇಲೆ ತೂಫಾನು, ನಾಯಕ ಕೂದಲು ಹಾರಿಸಿಕೊಂಡು ನಿಂತಿದ್ದಾನೆ. ಇವರು ಎದ್ದು ನಿಂತು, “ಹಾಯಿ ಇಳಿಸ್ರೋ ಮುಠ್ಠಾಳರಾ!” ಮುಂದಿನ ಸಾಲಿನವರು ತಿರುಗಿ, “ಸ್ವಾಮಿ, ಅವರು ನಟರು.” ಇವರು, “ನಟರಾದ್ರೆ ಮುಳುಗಲ್ವೇನ್ರೀ?” ಟಾರ್ಚು ಹಿಡಿದವನು ಬಂದು ಇಬ್ಬರನ್ನೂ ಹೊರಗೆ ಕಳಿಸಿದ. ನಾನು ಬಾಯಿ ಕೂಡ ಬಿಟ್ಟಿರಲಿಲ್ಲ! ಮಗಳ ಮದುವೆಯ ವಿಡಿಯೋದಲ್ಲೂ ಇವರು ಮಗಳನ್ನು ನೋಡಲಿಲ್ಲವಂತೆ, ಶಾಮಿಯಾನದ ಹಗ್ಗದ ಗಂಟು ನೋಡುತ್ತಿದ್ದರಂತೆ. ಅಲ್ಲವೇ ಅತ್ತಿಗೆ?

ಒಂದು ದಿನ ನಾನೇ ಕೇಳಿದೆ, “ಸರಿಯಾಗಿರೋ ಒಂದು ಸಿನಿಮಾನೂ ಇಲ್ಲವಾ ಮೇಷ್ಟ್ರೇ?” ಅಂತ. ಅವರೆಂದರು — “ಒಳ್ಳೇ ನಾವಿಕನ ಸಿನಿಮಾ ತೆಗೆದ್ರೆ ಯಾರೂ ನೋಡಲ್ಲ ಕಣಯ್ಯ. ಅದರಲ್ಲಿ ಏನೂ ಆಗಲ್ಲ. ಗಾಳಿ ಏಳೋಕೆ ಮುಂಚೆ ಹಾಯಿ ಚಿಕ್ಕದು ಮಾಡಿರ್ತಾನೆ. ಹೊಯ್ದಾಟ ಶುರುವಾಗೋಕೆ ಮುಂಚೆ ಎಲ್ಲಾ ಕಟ್ಟಿ ಇಟ್ಟಿರ್ತಾನೆ. ಮಿಕ್ಕ ಹೊತ್ತೆಲ್ಲಾ ಸುಮ್ನೆ ನೋಡ್ತಾ ಕೂತಿರ್ತಾನೆ. ನೀನಾದ್ರೆ ಅದನ್ನೇ ಕತ್ತರಿಸಿ ಬಿಸಾಡ್ತೀಯ.”

ಅಂದರು. ನಾನು ನಕ್ಕೆ.

ಸ್ವಲ್ಪ ನೀರು ಕೊಡಿ… ಸಾಕು, ಸಾಕು.

ನೋಡಿ, ನಗಿಸಲು ನಾನು ಇಲ್ಲಿ ನಿಂತಿಲ್ಲ. ಈ ಕಾಗದವನ್ನು ಮಡಚುತ್ತಿದ್ದೇನೆ, ಬಿಚ್ಚುತ್ತಿದ್ದೇನೆ. ಭಯ, ಅದಕ್ಕೆ. ಕಾಲೇಜಿನಲ್ಲಿ ಅರ್ಜಿ ಬರೆಯುವುದು ಕಲಿಸಿದ್ದರು — ಐ ಬೆಗ್ ಟು ಸ್ಟೇಟ್ ದಟ್. ಆ ‘ದಟ್’ ಆದಮೇಲೆ ವಿಷಯಕ್ಕೆ ಬಂದುಬಿಡಬೇಕು, ಸುತ್ತಿ ಬಳಸುವಂತಿಲ್ಲ. ನಾನು ಆಗಿನಿಂದ ಸುತ್ತುತ್ತಿದ್ದೇನೆ. ಈಗ ಬರುತ್ತೇನೆ.

ಆರು ವರ್ಷದ ಹಿಂದೆ ನಾವೊಂದು ವಿಡಿಯೋ ಮಾಡಿದೆವು. ನಡೆಯುವ ದೋಣಿಯಿಂದ ಒಬ್ಬರು ನೀರಿಗೆ ಬಿದ್ದರೆ ಮೇಲಿರುವವರು ಏನು ಮಾಡಬೇಕು — ಇದು ಪಾಠ. ಬೀಳುವವರ ವೇಷ ಮೇಷ್ಟ್ರದ್ದೇ. “ಬೇರೆಯವರನ್ನ ಯಾಕೆ ನೆನೆಸೋದು” ಅಂತ ತಾವೇ ಹಾರಿದರು. ದೋಣಿಯ ಮೇಲೆ ಒಬ್ಬರು ಕೂಗಿದರು, ಒಬ್ಬರು ತೇಲುವ ಟ್ಯೂಬು ಎಸೆದರು, ಒಬ್ಬರು ಚುಕ್ಕಾಣಿ ತಿರುಗಿಸಿದರು, ಇಬ್ಬರು ಹಾಯಿ ಇಳಿಸಿದರು. ಮತ್ತೆ ನಮ್ಮ ಬಡಗಿ. ಬಡಗಿಗೆ ಒಂದೇ ಕೆಲಸ. ದೋಣಿಯ ಅಂಚಿನಲ್ಲಿ ನಿಂತು, ಕೈ ಚಾಚಿ, ನೀರಿನಲ್ಲಿರುವ ಮನುಷ್ಯನ ಕಡೆ ಬೆರಳು ತೋರಿಸಬೇಕು. ದೋಣಿ ಯಾವ ಕಡೆ ತಿರುಗಿದರೂ ಬೆರಳು ಅವನ ಮೇಲೇ ಇರಬೇಕು. ಹಗ್ಗ ಮುಟ್ಟಬಾರದು, ಯಾರಿಗೂ ಸಹಾಯ ಮಾಡಬಾರದು, ಕಣ್ಣು ಕೀಳಬಾರದು. ಹಾರುವ ಮುಂಚೆ ಮೇಷ್ಟ್ರು ಬಡಗಿಗೆ ಹೇಳಿದ್ದು ನನ್ನ ಟೇಪಿನಲ್ಲಿ ಇವತ್ತಿಗೂ ಇದೆ — “ನೀನು ಕೈ ಇಳಿಸಿದ್ರೆ ನಾನು ಸತ್ತೆ ಅಂತ ತಿಳ್ಕೋ.”

ಒಂದೂವರೆ ನಿಮಿಷ. ಆತ ಕಂಬದ ಹಾಗೆ ನಿಂತಿದ್ದಾನೆ.

ವಿಡಿಯೋ ಏಳು ನಿಮಿಷಕ್ಕೆ ಇಳಿಯಬೇಕು ಅಂತ ಆಫೀಸಿನಿಂದ ಮಾತು ಬಂತು. ಏನನ್ನು ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಆರಿಸಿದವನು ನಾನು. ನನ್ನ ಫಿಲ್ಮ್ ಕೋಣೆಯಲ್ಲಿ, ನೀರು ತಾಗದ ಕುರ್ಚಿಯ ಮೇಲೆ ಕೂತು ನೋಡಿದೆ — ಟ್ಯೂಬು ಹಾರುತ್ತದೆ, ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ಎಲ್ಲರೂ ಓಡಾಡುತ್ತಾರೆ, ಇವನೊಬ್ಬ ಮಾತ್ರ ಸುಮ್ಮನೆ ನಿಂತಿದ್ದಾನೆ. ಬೇಸರವಾಯಿತು. ಅಷ್ಟೇ. ತೆಗೆದುಹಾಕಿದೆ. ಅದಕ್ಕೆ ಸೇರಿದ್ದ ಮಾತನ್ನೂ ತೆಗೆದೆ. ಇನ್ನೂ ಒಂದು ಹೇಳಿಬಿಡುತ್ತೇನೆ, ಅತ್ತಿಗೆಗೂ ಗೊತ್ತಿಲ್ಲ. ಈ ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ದೋಣಿ ಹತ್ತಿಲ್ಲ. ನೀರು ಕಂಡರೆ ಹೆದರಿಕೆ. ಏನೇನೋ ನೆಪ ಹೇಳಿ, ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟು ದಡದಲ್ಲೇ ಉಳಿದೆ. ಸಮುದ್ರ ಅಂದರೆ ನನಗೆ ಪರದೆಯಷ್ಟೇ ಅಗಲ.

ಆಗ ನನ್ನಾಕೆ ಬದುಕಿದ್ದಳು. ಎರಡನ್ನೂ ಮನೆಗೆ ತಂದು ಅವಳಿಗೆ ತೋರಿಸಿದೆ, ಉದ್ದದ್ದು, ಆಮೇಲೆ ಗಿಡ್ಡದ್ದು. ಬಟ್ಟೆ ಮಡಚುತ್ತಾ ನೋಡಿದಳು. “ಆ ಬೆರಳು ತೋರಿಸೋನು ಎಲ್ಲಿ ಹೋದ?” ಅಂದಳು. “ಅವನೇನು ಮಾಡ್ತಿದ್ದ ಹೇಳು, ಸುಮ್ನೆ ನಿಂತಿದ್ದ” ಅಂದೆ. “ಮಿಕ್ಕೋರೆಲ್ಲ ದೋಣಿ ನೋಡ್ಕೋತಿದ್ರು ರೀ. ಬಿದ್ದೋನನ್ನ ನೋಡ್ಕೋತಿದ್ದೋನು ಅವನೊಬ್ಬನೇ” ಅಂದಳು. ಅವಳೂ ದೋಣಿ ಹತ್ತಿದವಳಲ್ಲ. “ನಿನಗೆ ಗೊತ್ತಾಗಲ್ಲ ಬಿಡೇ” ಅಂದುಬಿಟ್ಟೆ.

ಗಿಡ್ಡದ್ದನ್ನು ಮೇಷ್ಟ್ರೂ ನೋಡಿದರು. ಹನ್ನೊಂದು ದಿನ ನನ್ನ ಹತ್ತಿರ ಮಾತು ಬಿಟ್ಟರು. ಆಮೇಲೆ ತಾವೇ ಒಂದು ದಾರಿ ಮಾಡಿಕೊಂಡರು. ಕ್ಲಾಸಿನಲ್ಲಿ ವಿಡಿಯೋ ಹಾಕಿ, ಕತ್ತರಿಸಿದ ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ಪರದೆಯ ಪಕ್ಕ ತಾವೇ ಕೈ ಚಾಚಿ ನಿಲ್ಲೋರು. ಹೀಗೆ. “ಇಲ್ಲಿ ಒಬ್ಬ ನಿಂತಿದ್ದಾನೆ. ನಿಮಗೆ ಕಾಣ್ತಿಲ್ಲ. ಆದ್ರೆ ಇದ್ದಾನೆ.” ಒಂದೂವರೆ ನಿಮಿಷ. ಆಮೇಲೆ ಮುಂದಕ್ಕೆ. ಐದು ವರ್ಷ ಹಾಗೆ ನಡೆಯಿತು. ಮಧ್ಯೆ ಎರಡು ಸಲ ಕೇಳಿದರು, “ಅದನ್ನ ವಾಪಸ್ ಹಾಕಯ್ಯ, ನನ್ನ ಕೈ ನೋಯುತ್ತೆ.” “ಹಾಕೋಣ ಬಿಡಿ ಮೇಷ್ಟ್ರೇ” ಅಂದೆ. ಅರ್ಧ ದಿನದ ಕೆಲಸ. ಹಾಕಲಿಲ್ಲ.

ಕಳೆದ ವರ್ಷದಿಂದ ವಿಡಿಯೋ ಎಲ್ಲರ ಮೊಬೈಲಿಗೇ ಹೋಗುತ್ತಿದೆ. ಮನೆಯಲ್ಲೇ ನೋಡಿಕೊಂಡು ಬರುತ್ತಾರೆ. ಅಲ್ಲಿ ನಿಲ್ಲಿಸುವವರು ಯಾರು? ದೋಣಿಯ ಮೇಲೆ ಆ ಪಾಠ ಮೂರನೇ ದಿನಕ್ಕೆ. ಅವರು ಬಿದ್ದದ್ದು ಎರಡನೇ ದಿನ.

ಹಿಂದಿನಿಂದ ಬರುತ್ತಿದ್ದ ಗಾಳಿ ಥಟ್ಟನೆ ಪಕ್ಕಕ್ಕೆ ಸರಿಯಿತು. ಹಾಯಿಯ ಅಡಿಯ ಅಡ್ಡಮರ ಆ ಕಡೆಯಿಂದ ಈ ಕಡೆಗೆ ಬೀಸಿ ಬಂತು, ಭುಜಕ್ಕೆ ಬಡಿಯಿತು, ಮೇಷ್ಟ್ರು ನೀರಿಗೆ. ಚುಕ್ಕಾಣಿ ಹಿಡಿದಿದ್ದವಳು ಇಲ್ಲೇ ಇದ್ದಾಳೆ, ಮೂರನೇ ಸಾಲಿನಲ್ಲಿ. ಆಸ್ಪತ್ರೆಯಲ್ಲಿ ನರ್ಸು, ರಜೆ ಹಾಕಿ ಕಲಿಯಲು ಬಂದವಳು. ತಂಗಿ, ಎದ್ದು ಹೋಗಬೇಡಮ್ಮ. ಕೂತುಕೋ. ನಾನು ಈ ಮಾತು ಆಡಬೇಕಾಗಿರುವುದೇ ನಿನಗೆ.

ದೋಣಿಯಲ್ಲಿ ಕಲಿಯಲು ಬಂದ ಆರು ಜನ ಇದ್ದರು. ಆರೂ ಜನ ವಿಡಿಯೋದಲ್ಲಿ ಇದ್ದದ್ದನ್ನೆಲ್ಲಾ ಮಾಡಿದರು. ಕೂಗಿದರು. ಟ್ಯೂಬು ಎಸೆದರು. ಹಾಯಿ ಇಳಿಸಿದರು. ಈಕೆ ದೋಣಿ ತಿರುಗಿಸಿದ್ದು ಪುಸ್ತಕದಲ್ಲಿ ಬರೆದ ಹಾಗೆ ಇತ್ತಂತೆ, ಆಮೇಲೆ ವಿಚಾರಣೆಗೆ ಬಂದವರೇ ಹೇಳಿದರು. ಎಲ್ಲಾ ಮುಗಿಸಿ ತಲೆ ಎತ್ತಿ ನೋಡುತ್ತಾರೆ — ನೀರು. ಎಲ್ಲಾ ಕಡೆ ಒಂದೇ ಥರದ ನೀರು.

ಮೇಷ್ಟ್ರು ಮುಳುಗಿರಲಿಲ್ಲ. ಅದೇ ನನಗೆ ನುಂಗಲಾಗುತ್ತಿಲ್ಲ. ಲೈಫ್ ಜಾಕೆಟ್ ಇತ್ತು, ತೇಲುತ್ತಿದ್ದರು. ರಾತ್ರಿಯ ನೀರಿನ ಚಳಿ ಅವರನ್ನು ಮುಗಿಸುವವರೆಗೂ ತೇಲುತ್ತಲೇ ಇದ್ದರು. ಯಾರ ಕಣ್ಣಿಗೂ ಬೀಳಲಿಲ್ಲ.

ಇರಿ ಅತ್ತಿಗೆ, ಮುಗಿಸಿಬಿಡುತ್ತೇನೆ. ಈಗ ಕೂತರೆ ಮತ್ತೆ ಏಳುವ ಧೈರ್ಯ ಬರುವುದಿಲ್ಲ.

ಈ ತಂಗಿ ಅವತ್ತಿನಿಂದ ಊಟ ಬಿಟ್ಟಿದ್ದಾಳೆ. ಮೊನ್ನೆ ನನ್ನ ಬಾಗಿಲಿಗೆ ಬಂದಿದ್ದಳು. “ಸಾರ್, ಆ ವಿಡಿಯೋನ ನಲವತ್ತು ಸಲ ನೋಡಿದೀನಿ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ನಾನು ಏನು ಬಿಟ್ಟೆ, ಹೇಳಿ” ಅಂದಳು. ನಾನು ಏನಂದೆ ಗೊತ್ತೇ? “ಹಣೆಯಲ್ಲಿ ಬರೆದದ್ದಮ್ಮ” ಅಂದೆ! ಬಾಗಿಲು ಹಾಕಿಕೊಂಡೆ. ಬೆನ್ನು ಬಾಗಿಲಿಗೆ ಕೊಟ್ಟು ನಿಂತೆ, ಅವಳ ಚಪ್ಪಲಿ ಸದ್ದು ಮೆಟ್ಟಿಲು ಇಳಿಯುವವರೆಗೂ. ಕತ್ತರಿಸಿದ್ದು ತಪ್ಪು ಅಂತ ನನಗೆ ಹೇಳಿದವರು ಇಬ್ಬರು, ನನ್ನಾಕೆ ಮತ್ತು ಮೇಷ್ಟ್ರು. ಇಬ್ಬರೂ ಈಗಿಲ್ಲ. ಬಡಗಿಗೆ ತಾನು ನಿಂತದ್ದು ಗೊತ್ತು, ವಿಡಿಯೋ ಆತ ನೋಡಿಯೇ ಇಲ್ಲ. ಕ್ಲಾಸಿನಲ್ಲಿ ನಿಂತು ತೋರಿಸುವಾಗಲೂ ಮೇಷ್ಟ್ರು, ಕತ್ತರಿಸಿದವನು ಯಾರು ಅಂತ ಎಂದೂ ಹೇಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೂ ತಿಳಿಯುವುದಿಲ್ಲ ಅಂತ ಲೆಕ್ಕ ಹಾಕಿದೆ. ಹೌದು, ಹಾಕಿದೆ. ಆ ಲೆಕ್ಕ ನೆನೆದರೆ ನನಗೆ ನೀರಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ.

ನಿನ್ನೆ ಮಧ್ಯಾಹ್ನ ಹಳೆಯ ಟೇಪು ಹುಡುಕಿ ಹಾಕಿದೆ, ಕತ್ತರಿಸದೇ ಇದ್ದದ್ದು. ಬಡಗಿಯ ಕೈ, ಕೈಯ ಆಚೆ ಅಲೆಗಳು, ಅಲೆಗಳ ನಡುವೆ ಒಂದು ತಲೆ. ತೆಂಗಿನಕಾಯಿಯಷ್ಟು. ಮೇಷ್ಟ್ರ ತಲೆ. ಅಲೆ ಎದ್ದಾಗ ಇಲ್ಲ, ಇಳಿದಾಗ ಇದೆ. ಇಲ್ಲ. ಇದೆ. ನಾನು ಕಾಫಿ ಲೋಟ ಕೆಳಗಿಡಲು ಒಂದೇ ಒಂದು ಕ್ಷಣ ಆ ಕಡೆ ತಿರುಗಿದೆ. ತಿರುಗಿ ನೋಡಿದರೆ ತಲೆ ಇಲ್ಲ. ನನ್ನದೇ ಟೇಪು, ನೂರು ಸಲ ನೋಡಿದ್ದು, ಅಲುಗಾಡದ ಕುರ್ಚಿ, ಗೋಡೆಯ ಮೇಲಿನ ಪರದೆ. ಆದರೂ ಸಿಗಲಿಲ್ಲ. “ಮೇಷ್ಟ್ರೇ” ಅಂತ ಕೂಗಿಬಿಟ್ಟೆ, ಖಾಲಿ ಕೋಣೆಯಲ್ಲಿ. ಆಮೇಲೆ ಬಡಗಿಯ ಬೆರಳು ಹಿಡಿದು, ಅದರ ತುದಿಯಿಂದ ಗೆರೆ ಎಳೆದ ಹಾಗೆ ಕಣ್ಣು ಹಾಯಿಸಿದೆ. ಅಲ್ಲೇ ಇದ್ದರು.

ತಂಗಿ, ನೀನು ಏನನ್ನೂ ಬಿಡಲಿಲ್ಲ. ನಿನಗೆ ಕೊಟ್ಟದ್ದರಲ್ಲೇ ಅದು ಇರಲಿಲ್ಲ. ಬಿಟ್ಟವನು ನಾನು. ಅತ್ತಿಗೆ, ನಿಮ್ಮ ಮನೆಯವರನ್ನು ಹುಡುಕಿಕೊಡಬೇಕಾಗಿದ್ದ ಕೈಯನ್ನು ಕತ್ತರಿಸಿದವನು ನಾನು. ಕ್ಷಮಿಸಿ ಅಂತ ಕೇಳುತ್ತಿಲ್ಲ, ಕೇಳುವ ಮುಖವಿಲ್ಲ. ನಾಳೆಯಿಂದ ನೀವು ನನ್ನನ್ನು ಮೈದುನ ಅಂತ ಕರೆಯದಿದ್ದರೂ ಸರಿ. ಆದರೆ ಈಕೆಯನ್ನು ಆ ಕಣ್ಣಿನಿಂದ ನೋಡಬೇಡಿ.

ಇನ್ನೊಂದು ಮಾತಿದೆ. ನಾಳೆ ಬೆಳಿಗ್ಗೆ ಎಂಟು ಜನ ಹೊಸಬರು ದೋಣಿ ಹತ್ತುತ್ತಾರೆ. ಎಂಟು ಜನರ ಮೊಬೈಲಿನಲ್ಲೂ ನನ್ನ ಏಳು ನಿಮಿಷವೇ ಇದೆ. ಪ್ರಿನ್ಸಿಪಾಲ್ ಸಾರ್, ಉದ್ದದ ವಿಡಿಯೋ ನೋಡದೆ ಯಾರೂ ಹಗ್ಗ ಬಿಚ್ಚಬಾರದು. ಇವತ್ತು ಬೆಳಿಗ್ಗೆ ಕೇಳಿದಾಗ, “ಇನ್ನೆರಡು ವಾರ ಬಿಟ್ಟು ನೋಡೋಣ” ಅಂದಿರಿ. ನಾನೂ ಹಾಗೇ ಅನ್ನುತ್ತಿದ್ದೆ ಸಾರ್, ಮೇಷ್ಟ್ರಿಗೆ… ತಲೆ ಆಡಿಸಿದರೆ ಸಾಲದು. ಬಾಯಲ್ಲಿ ಹೇಳಿ… ಹಾಂ. ಎಲ್ಲರೂ ಕೇಳಿಸಿಕೊಂಡಿರಿ ತಾನೇ? “ನೋಡದೆ ಬಿಡಲ್ಲ” ಅಂದರು. ಬಡಗಿ, ನಾಳೆ ನೀನೂ ಬಾ. ಎಂಟು ಜನರ ಮುಂದೆ ನಿಂತು ತೋರಿಸು.

ಇನ್ನೂ ಎರಡು ಪುಟ ಬರೆದು ತಂದಿದ್ದೆ. ಅಕ್ಷರ ಕಾಣುತ್ತಿಲ್ಲ. ಕನ್ನಡಕ ಒರೆಸಿಕೊಂಡರೂ… ಓ. ಕಿಟಕಿಯಲ್ಲಿ ಬೆಳಕೇ ಇಳಿದಿದೆ. ಅವತ್ತೂ ಇಷ್ಟೇ ಬೆಳಕು ಉಳಿದಿತ್ತಂತೆ, ಹುಡುಕಲು ಹೋದ ದೋಣಿಯವರು ಇನ್ನು ಕಾಣುವುದಿಲ್ಲ ಅಂತ ವಾಪಸ್ ತಿರುಗಿದಾಗ.

ಬೇಡ, ಲೈಟ್ ಹಾಕಬೇಡಿ. ಹೀಗೇ ಇರಲಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸದ್ದಾದರೆ ಆಗಲಿ, ನಿಧಾನವಾಗಿ ಏಳಿ. ಮೇಷ್ಟ್ರಿಗಾಗಿ ಮೌನ. ಸಾಮಾನ್ಯವಾಗಿ ಎಷ್ಟು ನಿಮಿಷ ಅಂತ ಹೇಳುತ್ತಾರೆ. ನಾನು ಹೇಳುವುದಿಲ್ಲ. ಎಲ್ಲಿಗೆ ಸಾಕು ಅಂತ ತೀರ್ಮಾನಿಸುವ ಕೆಲಸ ಇನ್ನು ನನಗೆ ಬೇಡ.

ಅತ್ತಿಗೆ, ನೀವು ಕೂತಾಗ ನಾವು ಕೂರುತ್ತೇವೆ.