ಆನೆ ಬಂದರೆ ಬರುವ ಮೆಸೇಜು

ಚೆಟ್ಟಳ್ಳಿಗೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಎಸ್ಟೇಟಿನ ಆಳು-ಲೆಕ್ಕ ನೋಡುವ ರೈಟರ್ ಕೆಂಪಣ್ಣ. ಅವರ ಪಕ್ಕದಲ್ಲಿ, ಆನೆ ಬಂದರೆ ಫೋನಿಗೆ ಮೆಸೇಜು ಕಳಿಸುವ ಯಂತ್ರವನ್ನು ತೋಟದಲ್ಲಿ ಕಟ್ಟಿಕೊಟ್ಟ ದೇರಪ್ಪ.

“ನೀನು ರಿಪೇರಿ ಮಾಡಿದ್ಮೇಲೆ ಒಂದು ಮೆಸೇಜೂ ಇಲ್ಲ ಕಣಪ್ಪ. ಆನೆಗಳು ನಿನಗೇ ಹೆದರಿರಬೇಕು.”

“ರಿಪೇರಿ ಅಲ್ಲ ಕೆಂಪಣ್ಣ, ಲ್ಯಾಪ್‌ಟಾಪಿಂದ ಹೊಸ ಪ್ರೋಗ್ರಾಂ ಹಾಕಿದ್ದು. ಬೋರ್ಡಲ್ಲಿ ಲ್ಯಾಪ್‌ಟಾಪಿಗೂ ಮೆಸೇಜು ಕಳಿಸೋ ಸಿಮ್ಮಿನ ವಯರಿಗೂ ಅದೇ ಎರಡು ಪಿನ್ನು. ಪ್ರೋಗ್ರಾಂ ಹಾಕುವಾಗ ಸಿಮ್ಮಿನ ವಯರು ಕಿತ್ತಿಡಬೇಕು.”

“ಆಮೇಲೆ?”

“ಆಮೇಲೆ ವಾಪಸ್ ಚುಚ್ಚುದು.”

“ಚುಚ್ಚಿದ್ಯಾ?”



“ಅಷ್ಟೊತ್ತಿಗೆ ಅವ್ವ ಊಟಕ್ಕೆ ಕರೆದ್ರು.”

“ಲೋ, ಮೆಸೇಜಿಲ್ಲ, ಆನೆ ಇಲ್ಲ ಅಂತಲೇ ಇವತ್ತು ಆಳುಗಳನ್ನ ಹೊಳೆ ಬದಿಗೆ ಕಾಫಿ ಪಿಕ್ಕಿಂಗಿಗೆ ಕಳಿಸಿದೀನಿ. ನಿಮ್ಮವ್ವನೂ ಹೋಗವ್ರೆ.”

ದೇರಪ್ಪ ಅವ್ವನ ನಂಬರು ಒತ್ತಿ ಫೋನು ಕಿವಿಗಿಟ್ಟುಕೊಂಡ. ರಿಂಗಾಗುವ ಸದ್ದು ನನಗೂ ಕೇಳುತ್ತಿತ್ತು.

“ರಿಂಗ್ ಆಗ್ತದೆ. ಎತ್ತುದಿಲ್ಲ.”

“ಇಟ್ಬಿಡು. ಅವರೇನಾದ್ರೂ ಅಡಗಿ ಕೂತಿದ್ರೆ, ಆ ರಿಂಗೇ ಆನೇನ ಕರೀತದೆ.”

ದೇರಪ್ಪ ಫೋನು ಕಟ್ ಮಾಡಿದ. ಕೆಂಪಣ್ಣ ಎದ್ದು ಬಸ್ಸು ನಿಲ್ಲಿಸಿದರು.

“ಎಸ್ಟೇಟಿನ ಗೇಟು ಇನ್ನೂ ಮುಂದಿದೆ ಕೆಂಪಣ್ಣ.”

“ಇಲ್ಲಿಂದ ಹೊಳೆ ಹತ್ತಿರ. ಚಪ್ಪಲಿ ಕೈಲಿಟ್ಕೊ, ಅವ್ವಾ ಅಂತ ಕೂಗಬೇಡ.”

ಅವರು ಇಳಿದರು. ಕಾಫಿ ಗಿಡಗಳು ಇಬ್ಬರನ್ನೂ ಒಳಗೆ ಬಿಟ್ಟುಕೊಂಡು ಮುಚ್ಚಿಕೊಂಡವು.