ಬಾವಿಯಲ್ಲಿ ಈಜು ಕಲಿಸಿದ ಉಚ್ಚೆಂಗಮ್ಮ

ಉಚ್ಚೆಂಗಮ್ಮ ಮೇಡಂ ಅವರ ತಾಯಿ ಮರುಳಸಿದ್ದಮ್ಮನವರೇ, ಕಂಪ್ಲಿಯ ಬಂಧುಗಳೇ, ನಮ್ಮ ಶಾಲೆಯ ಮಕ್ಕಳೇ — ಎಲ್ಲರಿಗೂ ನಮಸ್ಕಾರ.

ಉಚ್ಚೆಂಗಮ್ಮ ಮೇಡಂ ಮತ್ತು ನಾನು ಹನ್ನೊಂದು ವರ್ಷ ಒಂದೇ ಶಾಲೆಯಲ್ಲಿದ್ದೆವು. ನಾನು ಗಣಿತ, ಅವರು ಆಟದ ಮೇಡಂ.

ಅವರಿಗೊಬ್ಬಳು ತಂಗಿ ಇದ್ದಳು. ಹನ್ನೆರಡು ವರ್ಷದವಳು, ಅಕ್ಕನ ಕಣ್ಣೆದುರೇ ಕಾಲುವೆಗೆ ಜಾರಿ ಮುಳುಗಿಹೋದಳು. ಮೇಡಂಗೆ ಆಗ ಈಜು ಬರುತ್ತಿರಲಿಲ್ಲ. ದಡದಲ್ಲಿ ನಿಂತು ಕೂಗಿದರು — ಅಷ್ಟೇ ಆಗಿದ್ದು.

ಆಮೇಲೆ ಹಟ ಹಿಡಿದು ಕಲಿತರು. ನೌಕರಿ ಸಿಕ್ಕ ಮೊದಲ ಬೇಸಿಗೆಯಿಂದಲೇ, ಊರಾಚೆಯ ತೋಟದ ಬಾವಿಯಲ್ಲಿ, ಮಕ್ಕಳ ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಈಜು ಕಲಿಸತೊಡಗಿದರು. ಹೆಣ್ಣುಮಕ್ಕಳನ್ನು ಕಳಿಸಿ ಎಂದು ಮನೆಮನೆಗೆ ಹೋದರು. ನಮ್ಮ ಮನೆಗೂ ಬಂದರು.

“ಒಬ್ಬಳೇ ಮಗಳು ಮೇಡಂ, ನೀರಿನ ಹತ್ರ ಬ್ಯಾಡ್ರಿ” ಅಂದೆ.

“ಒಬ್ಬಳೇ ಅದಾಳಂತನ ಬಂದೀನಿ ಸರ್. ದಿನಾ ಕೈ ಹಿಡ್ಕೊಂಡು ಅಡ್ಡಾಡಾಕ ಆಗ್ತದೇನ್ರಿ?”

ಮೂರು ಸಲ ಬಂದರು. ಮೂರನೆಯ ಸಲ ನಾನು ಹೂಂ ಅನ್ನುವ ಮೊದಲೇ ನಮ್ಮ ಕಾವ್ಯ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು!

ಹೋದ ವರ್ಷ ಹೊಸಪೇಟೆಯಿಂದ ಬರುವಾಗ, ಕಾವ್ಯ ಮತ್ತು ಅವಳ ಅಜ್ಜಿ ಕೂತಿದ್ದ ಆಟೋ ಕಾಲುವೆಗೆ ಉರುಳಿತು. ನಾನು ಓಡಿಹೋಗಿ ನೋಡುತ್ತೇನೆ — ಮಗಳು ದಡದಲ್ಲಿದ್ದಾಳೆ. ಅಜ್ಜಿಯ ಸೆರಗನ್ನು ಹೀಗೆ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ. ಅಜ್ಜಿಗೆ ಉಸಿರಿದೆ. ಆಟೋದವನೂ ಹೊರಬಂದಿದ್ದಾನೆ. ಮೇಡಂಗೆ ಫೋನ್ ಮಾಡಿ ವಿಷಯ ಹೇಳುತ್ತಾ ಅತ್ತುಬಿಟ್ಟೆ.

“ಅಳೂದು ಆಮ್ಯಾಲ ಸರ್. ಮೊದಲು ಇಬ್ಬರಿಗೂ ಒಣಬಟ್ಟಿ ಹಾಕ್ರಿ” ಅಂದರು.

ಇಷ್ಟು ಮಕ್ಕಳನ್ನು ನೀರಿನಿಂದ ಕಾಯ್ದವರು ಅವರು. ಹದಿನೈದು ದಿನದ ಹಿಂದೆ, ಬಿರುಗಾಳಿ ಎದ್ದಿತೆಂದು ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದರು — ಕೊಂಬೆ ಮುರಿದು ಮೇಲೆ ಬಿತ್ತು. ಐದು ನಿಮಿಷ ತಡವಾಗಿ ಹೊರಟಿದ್ದರೆ, ಆಚೆ ರಸ್ತೆಯಲ್ಲಿ ಹೋಗಿದ್ದರೆ… ಎಂದು ನಾವೆಲ್ಲ ಹಲುಬಿದೆವು. ನಮ್ಮವರನ್ನು ಎಲ್ಲ ಕಡೆಯಿಂದ ಕಾಯಲು ನಮ್ಮ ಕೈಲಿ ಆಗುವುದಿಲ್ಲ. ಮೇಡಂಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ — ಪ್ರತಿ ಬೇಸಿಗೆ ಬಾವಿಗಿಳಿದರು.

ಮೊನ್ನೆ ಕಾವ್ಯಳನ್ನು ಕರೆದುಕೊಂಡು ಮೇಡಂ ಅವರ ಅವ್ವನ ಮನೆಗೆ ಹೋಗಿದ್ದೆ. ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ ತಾಯಿ. ಅವರೇ ಕಾವ್ಯಳ ಕೆನ್ನೆ ಸವರಿ, “ಈಕಿ ಅದಾಳಲ್ಲ, ಭಾಳ ಆತು. ಉಂಡು ಹೋಗ್ರಿ” ಅಂದರು. ಕೂತು ಉಂಡು ಬಂದೆವು.

ಮೇಡಂ, ನನ್ನ ಮಗಳು ಬದುಕಿದ್ದಾಳೆ. ನಿಮ್ಮಿಂದ.

ಈಗ ಎಲ್ಲರೂ ಎದ್ದು ನಿಂತು, ಎರಡು ನಿಮಿಷ ಮಾತಿಲ್ಲದೆ ಅವರನ್ನು ನೆನೆಯೋಣ. ಅವರ ಹತ್ತಿರ ಈಜು ಕಲಿತ ಮಕ್ಕಳು ಮುಂದೆ ಬನ್ನಿ, ಅವ್ವನವರ ಸುತ್ತ ನಿಲ್ಲಿ.

ಅವ್ವಾ — ನೀವು ಏಳಬ್ಯಾಡ್ರಿ. ಕುಂದ್ರಿ. ನಾವು ನಿಲ್ತೀವಿ.